ಇಬ್ಬರ ಟೆಂಟ್: ಮೊದಲು ಹಾಳಾಗುವ ಭಾಗವನ್ನು ನೋಡಿ ಆರಿಸಿದ್ದು

ನಮ್ಮ ಹಳೆಯ ಟೆಂಟ್ ಮಳೆಗೂ ಸೋಲಲಿಲ್ಲ, ಗಾಳಿಗೂ ಸೋಲಲಿಲ್ಲ. ಬಟ್ಟೆ ಗಟ್ಟಿಯಾಗಿತ್ತು, ಕಂಬಿಗಳು ನೆಟ್ಟಗಿದ್ದವು, ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಆದರೆ ಚೀಲದಿಂದ ಹೊರತೆಗೆದಾಗ ಹೊರಹೊದಿಕೆಯ ಒಳಮೈ ಅಂಟಂಟಾಗಿ, ಮಡಿಕೆಗೆ ಮಡಿಕೆ ಕಚ್ಚಿಕೊಂಡಿತ್ತು. ಬಿಡಿಸಿದರೆ ಬಿಳಿಯ ಹೊಪ್ಪಳೆ ಎದ್ದು ಉದುರುತ್ತಿತ್ತು, ಹುಳಿ ವಾಸನೆ ಬೇರೆ. ನೀರು ತಡೆಯಲೆಂದು ಬಳಿದಿದ್ದ ಪಾಲಿಯುರೆಥೇನ್ ಲೇಪನ ತೇವಕ್ಕೂ ಶಾಖಕ್ಕೂ ಸಿಕ್ಕಿ ನಿಧಾನವಾಗಿ ಒಡೆದುಹೋಗಿತ್ತು. ಉಳಿದದ್ದೆಲ್ಲ ಚೆನ್ನಾಗಿದ್ದರೂ ಟೆಂಟ್ ಕೆಲಸಕ್ಕೆ ಬಾರದಾಯಿತು.

ಹೊಸದನ್ನು ಹುಡುಕಲು ಕುಳಿತಾಗ ನಾನು ಮತ್ತು ತಮ್ಮ ತೂಕದಿಂದ ಶುರು ಮಾಡಲಿಲ್ಲ. ಈ ಟೆಂಟ್‌ನಲ್ಲಿ ಮೊದಲು ಕೈಕೊಡುವ ಭಾಗ ಯಾವುದು, ಕೈಕೊಟ್ಟಾಗ ಅದನ್ನು ನಾವೇ ಸರಿಮಾಡಿಕೊಳ್ಳಬಹುದೇ ಎಂದು ಪ್ರತಿ ಟೆಂಟ್‌ಗೂ ಕೇಳುತ್ತಾ ಹೋದೆವು. ಬಾಳಿಕೆ ಎಂದರೆ ದಪ್ಪ ಬಟ್ಟೆ ಎಂದು ತಿಳಿದವರೇ ಹೆಚ್ಚು. ಆದರೆ ಟೆಂಟ್‌ಗಳು ಹಾಳಾಗುವುದು ಒಮ್ಮೆಲೇ ಹರಿದಲ್ಲ. ಬಿಸಿಲು ಎಳೆಗಳನ್ನು ದುರ್ಬಲಗೊಳಿಸುತ್ತದೆ, ಒದ್ದೆಯಾಗಿ ಮಡಿಸಿಟ್ಟದ್ದು ಲೇಪನವನ್ನು ತಿನ್ನುತ್ತದೆ, ಮರಳು ಜಿಪ್ಪನ್ನು ಸವೆಸುತ್ತದೆ, ನೆಲದ ಚೂಪುಕಲ್ಲು ತಳವನ್ನು ತೂತು ಮಾಡುತ್ತದೆ.

ಬಟ್ಟೆಯ ವಿಷಯಕ್ಕೆ ನಾವು ಹೆಚ್ಚು ಸಮಯ ಕೊಟ್ಟೆವು. ಬಟ್ಟೆಯ ಜೊತೆ ಬರುವ ಡೆನಿಯರ್ ಅಂಕಿ ಎಳೆಯ ದಪ್ಪವನ್ನು ಹೇಳುತ್ತದೆ: 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಬಹಳ ಹಗುರ ಟೆಂಟ್‌ಗಳಲ್ಲಿ ಇದು 10ರಿಂದ 15ರ ಆಸುಪಾಸು ಇರುತ್ತದೆ. ಗಟ್ಟಿ ಟೆಂಟ್‌ಗಳ ಹೊರಹೊದಿಕೆ 30, 40ಕ್ಕೆ ಹೋಗುತ್ತದೆ. ಆದರೆ ಒಂದೇ ಡೆನಿಯರ್‌ನ ಎರಡು ಬಟ್ಟೆಗಳಲ್ಲಿ ಒಂದು ಬೆರಳಿನ ಎಳೆತಕ್ಕೇ ಹರಿದು, ಇನ್ನೊಂದು ಬಗ್ಗದಿರಬಹುದು. ಆ ವ್ಯತ್ಯಾಸ ಹೆಚ್ಚಾಗಿ ಬರುವುದು ಲೇಪನದಿಂದ. ಪಾಲಿಯುರೆಥೇನ್ ಲೇಪನ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದುಬಿಡುತ್ತದೆ. ಬಟ್ಟೆ ಹರಿಯಲು ಶುರುವಾದರೆ ಎಳೆಗಳು ಒಂದೊಂದಾಗಿ ಕಡಿಯುತ್ತಾ ಹೋಗುತ್ತವೆ. ಸಿಲಿಕೋನ್ ಲೇಪನದಲ್ಲಿ ಎಳೆಗಳು ಜಾರಿ ಒಟ್ಟುಗೂಡುತ್ತವೆ, ಹೊರೆಯನ್ನು ಹಂಚಿಕೊಳ್ಳುತ್ತವೆ. ಅದಕ್ಕೇ ಎರಡೂ ಬದಿಗೆ ಸಿಲಿಕೋನ್ ಹಾಕಿದ ತೆಳುವಾದ ಬಟ್ಟೆ ತನಗಿಂತ ದಪ್ಪದ ಬಟ್ಟೆಯನ್ನು ಮೀರಿಸುವುದುಂಟು. ಸಿಲಿಕೋನ್ ತೇವಕ್ಕೆ ಅಂಟಂಟಾಗುವುದೂ ಇಲ್ಲ. ನಮಗೆ ಬೇಕಾಗಿದ್ದದ್ದು ಅದೇ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸೂಜಿಯ ತೂತುಗಳಿಂದ ನೀರು ಇಳಿಯದಂತೆ ಹೊಲಿಗೆಯ ಮೇಲೆ ಹಾಕುವ ಸಾಮಾನ್ಯ ಟೇಪ್ ಸಿಲಿಕೋನ್ ಮೇಲೆ ಅಂಟುವುದಿಲ್ಲ. ಆದ್ದರಿಂದ ಇಂಥ ಟೆಂಟ್‌ಗಳ ಹೊಲಿಗೆಗಳು ಅನೇಕ ವೇಳೆ ಟೇಪ್ ಇಲ್ಲದೆಯೇ ಬರುತ್ತವೆ. ಹೊರಗೆ ಸಿಲಿಕೋನ್, ಒಳಗೆ ಪಾಲಿಯುರೆಥೇನ್ ಹಾಕಿ ಟೇಪ್ ಅಂಟಿಸಿದ ಟೆಂಟ್‌ಗಳೂ ಇವೆ, ಅವೇ ಹೆಚ್ಚು. ಅಂಥದ್ದನ್ನು ಕೊಳ್ಳುವವರು ಪಾಲಿಈಥರ್ ಬಗೆಯ ಪಾಲಿಯುರೆಥೇನ್ ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು. ತೇವಕ್ಕೆ ಒಡೆಯುವ ಗುಣ ಅದರಲ್ಲಿ ಕಡಿಮೆ.

ನೈಲಾನೋ ಪಾಲಿಯೆಸ್ಟರೋ ಎಂಬ ವಾದ ನಮ್ಮಿಬ್ಬರ ನಡುವೆ ಕೆಲವು ಸಂಜೆಗಳನ್ನು ತಿಂದಿತು. ನೈಲಾನ್ ಒದ್ದೆಯಾದರೆ ನೀರು ಹೀರಿ ಹಿಗ್ಗುತ್ತದೆ. ಸಂಜೆ ಬಿಗಿದ ಟೆಂಟ್ ಮಧ್ಯರಾತ್ರಿಯ ಹೊತ್ತಿಗೆ ಜೋತುಬೀಳುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಅದೇ ದಪ್ಪದಲ್ಲಿ ಹರಿಯುವುದನ್ನು ತಡೆಯುವ ಶಕ್ತಿ ನೈಲಾನ್‌ಗೆ ಹೆಚ್ಚು. ದಿನಗಟ್ಟಲೆ ಒಂದೇ ಜಾಗದಲ್ಲಿ ಬಿಸಿಲಿಗೆ ಟೆಂಟ್ ಬಿಟ್ಟು ಸುತ್ತಾಡಲು ಹೋಗುವವರಿಗೆ ಪಾಲಿಯೆಸ್ಟರೇ ಸರಿ. ನಾವು ಸಂಜೆ ಹಾಕಿ ಬೆಳಿಗ್ಗೆ ಬಿಚ್ಚುವವರು, ಬಿಸಿಲು ಬೀಳುವ ಗಂಟೆಗಳು ಕಡಿಮೆ. ಕೊನೆಗೆ 30 ಡೆನಿಯರ್ ನೈಲಾನ್, ಎರಡೂ ಬದಿಗೆ ಸಿಲಿಕೋನ್ ಎಂದು ತೀರ್ಮಾನಿಸಿದೆವು.

ಮಿಲಿಮೀಟರ್ ಲೆಕ್ಕದ ಜಲಸ್ತಂಭ ಪರೀಕ್ಷೆಯ ಬಗ್ಗೆ ಒಂದು ಮಾತು. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಅದು ಒಸರಲು ಶುರುವಾಗುತ್ತದೆ ಎಂದು ನೋಡುವುದೇ ಆ ಅಂಕಿ. ಬೀಳುವ ಮಳೆಯನ್ನು ತಡೆಯಲು ಹೊರಹೊದಿಕೆಗೆ 1500 ಮಿಲಿಮೀಟರ್ ಸಾಕು ಎಂಬುದು ನನ್ನ ಅಭಿಪ್ರಾಯ. ತಳಕ್ಕೆ ಮಾತ್ರ ಹೆಚ್ಚು ಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಬೀಳುವ ಒತ್ತಡದ ಮುಂದೆ ಮಳೆಹನಿಯ ಒತ್ತಡ ಏನೂ ಅಲ್ಲ. ಹೊಸತಾಗಿದ್ದಾಗಿನ ದೊಡ್ಡ ಅಂಕಿಗೆ ಮರುಳಾಗುವುದರಲ್ಲಿ ಅರ್ಥವಿಲ್ಲ. ಸವೆದ ಮೇಲೆ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ, ಅದನ್ನು ಯಾರೂ ಲೇಬಲ್ ಮೇಲೆ ಬರೆಯುವುದಿಲ್ಲ.

ಕಂಬಿಗಳಲ್ಲಿ ಹೆಚ್ಚು ಯೋಚಿಸಲಿಲ್ಲ. ಫೈಬರ್‌ಗ್ಲಾಸ್ ಮುರಿದರೆ ಸಿಬಿರೆದ್ದು ಬಟ್ಟೆಯನ್ನೂ ಕೈಯನ್ನೂ ಕೊಯ್ಯುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಮಿಶ್ರಲೋಹದ ಕಂಬಿ ಸಾಮಾನ್ಯವಾಗಿ ಮುರಿಯುವ ಮೊದಲು ಬಾಗುತ್ತದೆ. ಮುರಿದರೂ ಮೇಲೊಂದು ಕೊಳವೆ ತೊಡಿಸಿ ಟೇಪ್ ಸುತ್ತಿ ಪ್ರಯಾಣ ಮುಗಿಸಬಹುದು. ಕಂಬಿ ಬಿರುಕು ಬಿಡುವುದು ಅನೇಕ ವೇಳೆ ಗಾಳಿಯಿಂದಲ್ಲ, ಕೂಡಿಸುವಾಗಿನ ಅವಸರದಿಂದ. ಒಂದು ತುಂಡು ಇನ್ನೊಂದರೊಳಗೆ ಪೂರ್ತಿ ಕೂರದೆ ಅರ್ಧಕ್ಕೆ ನಿಂತಿದ್ದರೆ, ಬಾಗಿಸಿದಾಗ ಎಲ್ಲ ಭಾರ ಆ ಅಂಚಿನ ಮೇಲೆ ಬಿದ್ದು ಅಲ್ಲಿ ಸೀಳುತ್ತದೆ. ನಾನು ಈಗ ಕೂಡಿಸಿದ ಮೇಲೆ ಪ್ರತಿ ಕೀಲಿನ ಮೇಲೂ ಬೆರಳು ಓಡಿಸುತ್ತೇನೆ. ಕತ್ತಲಲ್ಲೂ ಸಂದು ಕೈಗೆ ತಿಳಿಯುತ್ತದೆ.

ಆಕಾರದಲ್ಲಿ ಸುರಂಗದಂಥ ಟೆಂಟ್ ನನ್ನ ಮನಸ್ಸಿಗೆ ಹತ್ತಿರವಾಗಿತ್ತು. ಅದೇ ತೂಕಕ್ಕೆ ಒಳಗೆ ಜಾಗ ಹೆಚ್ಚು, ತಲೆಯ ಕಡೆಯಿಂದ ಬರುವ ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಗೂಟ ಇಳಿಯದ ಬಂಡೆಯ ಮೇಲೆ ಅದು ನಿಲ್ಲುವುದೇ ಕಷ್ಟ, ರಾತ್ರಿ ಗಾಳಿ ದಿಕ್ಕು ಬದಲಿಸಿ ಪಕ್ಕಕ್ಕೆ ಬಡಿದರೆ ಮೈಯೆಲ್ಲ ಅಲುಗುತ್ತದೆ. ಕಂಬಿಗಳು ಒಂದನ್ನೊಂದು ಹೆಚ್ಚು ಕಡೆ ದಾಟಿದಷ್ಟೂ ಎಲ್ಲ ದಿಕ್ಕಿಗೂ ಬಲ ಸಿಗುತ್ತದೆ, ತೂಕವೂ ಏರುತ್ತದೆ. ಎರಡು ಕಂಬಿ ಅಡ್ಡಹಾಯ್ದು, ಮೂರನೆಯದು ನೆತ್ತಿಯ ಮೇಲೆ ಅಡ್ಡಲಾಗಿ ಬರುವ ವಿನ್ಯಾಸಕ್ಕೆ ನಾವು ಒಪ್ಪಿಕೊಂಡೆವು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಟೆಂಟ್‌ನ ಮೇಲಿನ ಹೊರೆ ನಾಲ್ಕು ಪಟ್ಟು. ಆದ್ದರಿಂದ ಕಂಬಿಯ ಅರ್ಧ ಎತ್ತರದಲ್ಲಿ ಹಗ್ಗ ಕಟ್ಟುವ ಕೊಂಡಿಗಳಿವೆಯೇ, ಆ ಕೊಂಡಿಯ ಹಿಂದೆ ಬಟ್ಟೆಗೆ ಹೆಚ್ಚುವರಿ ತುಂಡು ಹೊಲಿದಿದ್ದಾರೆಯೇ, ಕೊಂಡಿಯನ್ನು ಒಳಗಿನಿಂದ ಕಂಬಿಗೆ ಕಟ್ಟಲು ಪಟ್ಟಿ ಇದೆಯೇ ಎಂದು ನೋಡಿದೆವು. ಕೊನೆಯದಿಲ್ಲದಿದ್ದರೆ ಹಗ್ಗ ಎಳೆಯುವುದು ಬಟ್ಟೆಯನ್ನು, ಕಂಬಿಯನ್ನಲ್ಲ.

‘ನಾಲ್ಕು ಋತುವಿನ ಟೆಂಟ್ ತೆಗೆದುಕೊಂಡರೆ ಎಲ್ಲದಕ್ಕೂ ಆಯಿತಲ್ಲ ಅಣ್ಣಾ’ ಎಂದ ತಮ್ಮ. ಹೆಸರು ಕೇಳಿದರೆ ಹಾಗೇ ಅನ್ನಿಸುತ್ತದೆ. ಆದರೆ ಆ ಟೆಂಟ್‌ಗಳನ್ನು ಮಾಡುವುದು ಹಿಮದ ಭಾರ ಮತ್ತು ಬಿರುಗಾಳಿಗೆಂದು. ನಾವು ಮಲಗುವ ಒಳಟೆಂಟ್ ಬಲೆಯಿಲ್ಲದೆ ಪೂರ್ತಿ ಬಟ್ಟೆಯದು, ಹೊರಹೊದಿಕೆ ನೆಲದವರೆಗೂ ಇಳಿದಿರುತ್ತದೆ. ಸೆಕೆಯ ರಾತ್ರಿಯಲ್ಲಿ ಅದರೊಳಗೆ ನಿದ್ರೆ ಬರುವುದಿಲ್ಲ. ಹಿಮದ ಮೇಲೆ ಮಲಗುವ ಯೋಜನೆಯಿಲ್ಲದೆ ಬಿಸಿಲು, ಮಳೆ, ಗಾಳಿ, ಚಳಿ ಎಲ್ಲವನ್ನೂ ಕಾಣುವವರಿಗೆ ಗಟ್ಟಿ ಕಂಬಿಗಳ ಮೂರು ಋತುವಿನ ಟೆಂಟ್ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ.

ಗಾಳಿಯಾಟ ಮಳೆತಡೆಗಿಂತ ದೊಡ್ಡ ವಿಷಯ ಎಂದು ನಾನು ಒತ್ತಿ ಹೇಳುತ್ತೇನೆ. ‘ಟೆಂಟ್ ಸೋರುತ್ತದೆ’ ಎಂಬ ದೂರುಗಳಲ್ಲಿ ಎಷ್ಟೋ ಸೋರಿಕೆಯೇ ಅಲ್ಲ. ಇಬ್ಬರು ಮಲಗಿದರೆ ಉಸಿರಿನಿಂದ ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಹೊರಹೊದಿಕೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆ ಆವಿ ಅದರ ಒಳಮೈಯಲ್ಲಿ ಹನಿಗಟ್ಟುತ್ತದೆ. ಮರದ ಕೆಳಗೆ ಹಾಕಿದರೆ ಇದು ಕಡಿಮೆ. ತಗ್ಗಿನಲ್ಲಿ, ನದಿಯ ಪಕ್ಕದಲ್ಲಿ ಹಾಕಿದರೆ ಹೆಚ್ಚು. ಎರಡು ಪದರದ ಟೆಂಟ್ ಹನಿಗಟ್ಟುವುದನ್ನು ನಿಲ್ಲಿಸುವುದಿಲ್ಲ, ಹನಿಯನ್ನು ನಮ್ಮಿಂದ ದೂರ ಇಡುತ್ತದೆ ಅಷ್ಟೆ. ಒಂದೇ ಪದರದವು ಹಗುರ. ತೇವದ ಹವೆಯಲ್ಲಿ ಅವನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾವು ನೋಡಿದ್ದು ನೆತ್ತಿಯ ಹತ್ತಿರ ಎರಡು ಕಿಂಡಿ, ಅವನ್ನು ಮಳೆಯಲ್ಲೂ ತೆರೆದಿಡಲು ಮೇಲೊಂದು ಮುಸುಕು, ಹೊರಹೊದಿಕೆಯ ಅಂಚು ಮತ್ತು ನೆಲದ ನಡುವೆ ಕೈ ತೂರುವಷ್ಟು ಸಂದು. ಕೆಳಗಿನಿಂದ ತಣ್ಣನೆಯ ಗಾಳಿ ಬಂದರೆ ಮಾತ್ರ ಮೇಲಿನ ಕಿಂಡಿಗೆ ಕೆಲಸ. ಒಳಟೆಂಟ್ ಕೆಳಗೆ ಅರ್ಧ ಬಟ್ಟೆ, ಮೇಲೆ ಅರ್ಧ ಬಲೆ ಇರುವುದನ್ನು ಆರಿಸಿದೆವು. ಪೂರ್ತಿ ಬಲೆಯಿದ್ದರೆ ದೂಳು ಮತ್ತು ಚಳಿಗಾಳಿ ನೇರ ಮುಖಕ್ಕೆ ಬರುತ್ತದೆ. ಟೆಂಟ್ ಎಷ್ಟೇ ಗಾಳಿಯಾಡಿದರೂ ಒಳಗೆ ಒಲೆ ಹಚ್ಚುವುದಿಲ್ಲ, ಮುಂಗಟ್ಟೆ (ಬಾಗಿಲ ಮುಂದೆ ಹೊರಹೊದಿಕೆಯಡಿಯ ಜಾಗ) ಮುಚ್ಚಿಕೊಂಡೂ ಹಚ್ಚುವುದಿಲ್ಲ. ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಹೊರಹೊದಿಕೆಯನ್ನು ಮೊದಲು, ಅಥವಾ ಒಳಟೆಂಟ್‌ನೊಡನೆ ಒಟ್ಟಿಗೆ ಎಬ್ಬಿಸಲು ಬರುವ ಟೆಂಟ್ ಬೇಕು ಎಂಬ ಹಟ ನನ್ನದು. ಸುರಿಯುವ ಮಳೆಯಲ್ಲಿ ಒಳಟೆಂಟ್ ಮೊದಲು ಎದ್ದು ನಿಂತರೆ, ಮೇಲಿನದನ್ನು ಹೊದಿಸುವಷ್ಟರಲ್ಲಿ ತಳದಲ್ಲಿ ನೀರು ನಿಂತಿರುತ್ತದೆ.

ಇನ್ನು ಅಳತೆ. ‘ಇಬ್ಬರಿಗೆ’ ಎಂದು ಬರೆದದ್ದನ್ನು ನಂಬದೆ ಮಲಗುವ ಮ್ಯಾಟ್‌ಗಳ ಅಗಲವನ್ನು ಕೂಡಿಸಬೇಕು. ಸಾಮಾನ್ಯ ಮ್ಯಾಟ್ 51 ಸೆಂಟಿಮೀಟರ್, ಅಗಲದ್ದು 64. ಎರಡು ಅಗಲದವು 128ಕ್ಕೆ ಬರುತ್ತವೆ, ಅನೇಕ ಟೆಂಟ್‌ಗಳು ತಲೆಯ ಕಡೆ 130 ಇದ್ದು ಕಾಲಿನ ಕಡೆ 110ಕ್ಕೆ ಕಿರಿದಾಗುತ್ತವೆ. ಉದ್ದವನ್ನು ಅಳೆಯುವುದಕ್ಕಿಂತ ಮಲಗಿ ನೋಡುವುದೇ ವಾಸಿ. ತಮ್ಮ ನನಗಿಂತ ಒಂದು ಗೇಣು ಎತ್ತರ. ಗೋಡೆ ತೀರಾ ಓರೆಯಿದ್ದ ಒಂದು ಟೆಂಟ್‌ನಲ್ಲಿ ಅವನು ಸ್ಲೀಪಿಂಗ್ ಬ್ಯಾಗ್‌ನೊಳಗೆ ಸೇರಿ ಕಾಲು ಚಾಚಿದಾಗ ಪಾದದ ಕಡೆಯ ಉಬ್ಬು ಒಳಟೆಂಟನ್ನು ನೂಕಿ ಹೊರಹೊದಿಕೆಗೆ ತಾಗಿಸಿತು. ಹಾಗೆ ತಾಗಿದರೆ ಬೆಳಿಗ್ಗೆ ಕಾಲಿನ ಕಡೆ ಬ್ಯಾಗ್ ತೊಯ್ದಿರುತ್ತದೆ. ಅದನ್ನು ಅಲ್ಲೇ ಬಿಟ್ಟೆವು. ಎರಡು ಬಾಗಿಲು ನನ್ನ ಮಟ್ಟಿಗೆ ಸೌಕರ್ಯವಲ್ಲ, ಅಗತ್ಯ. ಒಬ್ಬರ ಮೇಲೊಬ್ಬರು ದಾಟುತ್ತಾ ಹೋದರೆ ಇಬ್ಬರ ನಿದ್ರೆಯೂ ಕೆಡುತ್ತದೆ, ಒಂದೇ ಜಿಪ್ ಎರಡು ಪಟ್ಟು ಸವೆಯುತ್ತದೆ.

ನಾವು ಆರಿಸಿದ್ದು ಗೂಟ, ಹಗ್ಗ, ಚೀಲ ಎಲ್ಲ ಸೇರಿ 2.4 ಕಿಲೋ. ಜಾಹೀರಾತಿನ ‘ಕನಿಷ್ಠ ತೂಕ’ದಲ್ಲಿ ಸಾಮಾನ್ಯವಾಗಿ ಟೆಂಟ್‌ನ ಎರಡು ಪದರ, ಕಂಬಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಗೂಟವಿಲ್ಲದೆ ಯಾರು ಟೆಂಟ್ ಹಾಕುತ್ತಾರೋ ತಿಳಿಯದು. ಹೊರಹೊದಿಕೆ ಮತ್ತು ಗೂಟ ಒಬ್ಬರ ಬೆನ್ನಿಗೆ, ಒಳಟೆಂಟ್ ಮತ್ತು ಕಂಬಿ ಇನ್ನೊಬ್ಬರ ಬೆನ್ನಿಗೆ ಹಂಚಿದರೆ ತಲಾ 1.2 ಕಿಲೋ. ಇದನ್ನು ಇನ್ನೂ ಅರ್ಧ ಕಿಲೋ ಇಳಿಸಬಹುದಿತ್ತು, ಆ ಅರ್ಧ ಕಿಲೋ ಹೋಗುತ್ತಿದ್ದದ್ದು ತಳದ ಬಟ್ಟೆ ಮತ್ತು ಜಿಪ್‌ನಿಂದಲೇ. ಜಿಪ್‌ಗೆ 3, 5 ಎಂದು ಅಂಕಿಗಳಿರುತ್ತವೆ, ದೊಡ್ಡ ಅಂಕಿ ಎಂದರೆ ದಪ್ಪ ಹಲ್ಲು. ಹೊರಬಾಗಿಲಿಗೆ 5ಕ್ಕಿಂತ ಕಡಿಮೆಯದು ಬೇಡ ಎಂದೆವು.

ತಂದ ಮೇಲೆ ಮೊದಲ ಕೆಲಸ ಹೊಲಿಗೆ ಮುಚ್ಚುವುದು. ಒಣ ದಿನ ನೋಡಿ ಟೆಂಟ್ ಬಿಗಿಯಾಗಿ ನಿಲ್ಲಿಸಿ, ಸಿಲಿಕೋನ್ ಸೀಲಂಟನ್ನು ಮಿನರಲ್ ಸ್ಪಿರಿಟ್ ಎಂಬ ದ್ರಾವಕದಲ್ಲಿ ಗಂಜಿಯ ಹದಕ್ಕೆ ತೆಳುಮಾಡಿಕೊಂಡು, ಸಣ್ಣ ಕುಂಚದಿಂದ ಪ್ರತಿ ಹೊಲಿಗೆಯ ಮೇಲೂ ಸವರಿದೆವು. ಬಟ್ಟೆ ಬಿಗಿದಿದ್ದಾಗ ಸೂಜಿಯ ತೂತುಗಳು ತೆರೆದುಕೊಂಡಿರುತ್ತವೆ, ಸೀಲಂಟ್ ಒಳಗಿಳಿಯುತ್ತದೆ. ಹಗ್ಗದ ಕೊಂಡಿಗಳ ಬುಡವನ್ನು ಹೆಚ್ಚಿನವರು ಮರೆಯುತ್ತಾರೆ, ನೀರು ಮೊದಲು ಇಳಿಯುವುದು ಅಲ್ಲೇ. ಸೀಲಂಟ್ ಒಣಗಿದ ಮೇಲೆ ಗೆರೆಗಳ ಮೇಲೆ ಟಾಲ್ಕಂ ಪುಡಿ ತಟ್ಟಿದೆವು. ಇಲ್ಲದಿದ್ದರೆ ಮಡಿಸಿಟ್ಟಾಗ ಹೊಲಿಗೆಗೆ ಹೊಲಿಗೆ ಅಂಟುತ್ತದೆ. ಆಮೇಲೆ ಪೈಪ್‌ನಿಂದ ನೀರು ಬಿಟ್ಟು, ಒಳಗೆ ತಮ್ಮನನ್ನು ಟಾರ್ಚ್ ಕೊಟ್ಟು ಕೂರಿಸಿ ಹನಿ ಹುಡುಕಿಸಿದೆ. ನೆತ್ತಿಯ ಕಿಂಡಿಯ ಮೂಲೆಯಲ್ಲಿ ಒಂದು ಕಡೆ ಒಸರಿತು, ಅಲ್ಲಿಗೆ ಇನ್ನೊಂದು ಕೈ ಬಳಿದೆವು.

ರಾತ್ರಿಯಿಡೀ ಮಳೆ ಹೊಡೆದ ಮೊದಲ ಸಲ ನೈಲಾನ್ ತನ್ನ ಗುಣ ತೋರಿಸಿತು. ಹಾಕಿದ ಒಂದು ಗಂಟೆಯಲ್ಲೇ ಪಕ್ಕದ ಗೋಡೆ ಎರಡು ಬೆರಳಿನಷ್ಟು ಒಳಕ್ಕೆ ಜೋತಿತ್ತು. ಹೊರಗೆ ಕೈಚಾಚಿ ಹಗ್ಗದ ಬಿಗಿಕೊಂಡಿ ಜಗ್ಗಿದರೆ ಸಾಕಾಯಿತು, ಏಳಬೇಕಾಗಲಿಲ್ಲ. ಮಲಗುವ ಮುನ್ನ ಒಮ್ಮೆ ಎಲ್ಲ ಹಗ್ಗಗಳನ್ನು ಮತ್ತೆ ಬಿಗಿಯುವುದು ಈಗ ರೂಢಿ. ಬೆಳಗಿನ ಜಾವ ಗಾಳಿ ಪಕ್ಕಕ್ಕೆ ತಿರುಗಿದಾಗ ಆ ಬದಿಯ ಕಂಬಿ ಉಸಿರಾಡುವಂತೆ ಒಳಕ್ಕೆ ಬಾಗಿ ಹೊರಕ್ಕೆ ಬರುತ್ತಿತ್ತು. ಮಧ್ಯದ ಹಗ್ಗ ಕಟ್ಟಿದ ಮೇಲೆ ಅದು ನಿಂತಿತು.

ಟೆಂಟ್ ಜೊತೆ ಬಂದ ಗೂಟಗಳನ್ನು ಬದಲಿಸಿದೆವು, ವೈ ಆಕಾರದ ಅಡ್ಡಕೊಯ್ತ ಇರುವ ಅಲ್ಯೂಮಿನಿಯಂ ಗೂಟ ಮೆತ್ತನೆಯ ಮಣ್ಣಲ್ಲೂ ಹಿಡಿಯುತ್ತದೆ. ತಳದ ಕೆಳಗೆ ಹಾಸುವ ಹಾಳೆ ಟೆಂಟ್‌ನ ತಳಕ್ಕಿಂತ ಸುತ್ತಲೂ ಸ್ವಲ್ಪ ಚಿಕ್ಕದಿರಬೇಕು. ಹೊರಚಾಚಿದರೆ ಮಳೆನೀರನ್ನು ಹಿಡಿದು ತಳದಡಿಗೆ ತಂದುಬಿಡುತ್ತದೆ.

ಮರಳಿದ ಮೇಲೆ ಟೆಂಟ್ ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಚೀಲಕ್ಕೆ ಹೋಗುವುದಿಲ್ಲ. ಇಡುವುದೂ ಅದರ ಬಿಗಿ ಚೀಲದಲ್ಲಲ್ಲ, ಸಡಿಲವಾದ ಹತ್ತಿ ಚೀಲದಲ್ಲಿ. ಜಿಪ್‌ಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತೇನೆ. ಜಿಪ್ ಮುಚ್ಚಿದ ಹಿಂದೆಯೇ ಬಾಯಿ ಬಿಡತೊಡಗಿದರೆ ಸವೆದಿರುವುದು ಹಲ್ಲಲ್ಲ, ಎಳೆಯುವ ಸ್ಲೈಡರ್. ಅದರ ಎರಡೂ ಪಕ್ಕವನ್ನು ಇಕ್ಕಳದಿಂದ ಹಗುರವಾಗಿ ಅದುಮಿದರೆ ಇನ್ನಷ್ಟು ಕಾಲ ನಡೆಯುತ್ತದೆ. ಆಮೇಲೆ ಸ್ಲೈಡರ್ ಬದಲಿಸಿದರಾಯಿತು, ಇಡೀ ಜಿಪ್ ಬಿಚ್ಚಿ ಹೊಲಿಸಬೇಕಿಲ್ಲ. ನಮ್ಮ ರಿಪೇರಿ ಚೀಲದಲ್ಲಿ ಎರಡು ಸ್ಲೈಡರ್, ಕಂಬಿಯ ಕೊಳವೆ, ಸೂಜಿ ದಾರ, ಒಳಟೆಂಟ್‌ಗೆ ಅಂಟಿಸುವ ತೇಪೆ ಇವೆ. ಆ ತೇಪೆ ಹೊರಹೊದಿಕೆಯ ಸಿಲಿಕೋನ್ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಅದೇ ಬಟ್ಟೆಯ ತುಂಡು ಮತ್ತು ಸಿಲಿಕೋನ್ ಅಂಟಿನ ಸಣ್ಣ ಟ್ಯೂಬ್ ಬೇರೆಯಾಗಿ ಇಟ್ಟಿದ್ದೇವೆ. ಟ್ಯೂಬ್ ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಳಗೇ ಗಟ್ಟಿಯಾಗುತ್ತದೆ, ಹೊರಡುವ ಮೊದಲು ಹಿಸುಕಿ ನೋಡಬೇಕು.