ಸಂಸತ್ತಿಗೆ ಪ್ರಶ್ನೆ ಬರೆದ ಅನುಭವ: ಒಂದು ಕಡಲಿನದು, ಒಂದು ಶಾಲೆಯದು

ಲೋಕಸಭಾ ಸದಸ್ಯರೊಬ್ಬರ ಕಚೇರಿಯಲ್ಲಿ ಸಂಶೋಧನಾ ಸಹಾಯಕನಾಗಿದ್ದಾಗ ಪ್ರಶ್ನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂಸದರು ಸದನದಲ್ಲಿ ಕೇಳುವ ಪ್ರಶ್ನೆಯನ್ನು ಮೊದಲು ಯಾರಾದರೂ ಕೂತು ಬರೆಯಬೇಕಲ್ವಾ? ಒಂದೇ ಅಧಿವೇಶನಕ್ಕೆ ಎರಡು ವಿಷಯ ಒಟ್ಟಿಗೆ ಬಂದವು. ಒಂದು, ಮೀನುಗಾರಿಕೆ ನಿಷೇಧ. ಇನ್ನೊಂದು, ಆಟಿಸಂ (ಇತರರೊಂದಿಗೆ ಬೆರೆಯಲು, ಮಾತುಕತೆಗೆ ತೊಡಕು), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಇರುವ ಮಕ್ಕಳಿಗೆ ಶಾಲೆಯಲ್ಲಿ ಸಿಗಬೇಕಾದ ನೆರವು. ಇವೆರಡಕ್ಕೂ ಏನು ಸಂಬಂಧ ಅನ್ನಿಸಬಹುದು. ಪ್ರಶ್ನೆ ಬರೆಯಲು ಕೂತಾಗ ಎರಡರಲ್ಲೂ ಅಡ್ಡ ಬರುವುದು ಒಂದೇ ಉತ್ತರ: ಇದು ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯ. ಆ ಉತ್ತರಕ್ಕೆ ಜಾಗ ಕೊಡದ ಹಾಗೆ ಬರೆಯುವುದೇ ಈ ಕೆಲಸದ ಮುಖ್ಯ ಭಾಗ ಎಂದು ನನಗೆ ಮನವರಿಕೆಯಾಯಿತು.

ನಾನು ಕುಂದಾಪುರದ ಕಡೆಯವನು. ಹಾಗಾಗಿ ಊರಿನ ನಾಡದೋಣಿ ಮೀನುಗಾರರ ಮನವಿ ನೇರವಾಗಿ ನನ್ನ ಫೋನಿಗೇ ಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಮೋಟಾರು ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮನವಿ ಕಳಿಸಿದವರಿಗೆ ಈ ರಜೆಯ ಬಗ್ಗೆ ತಕರಾರಿರಲಿಲ್ಲ. ಅವರ ನೋವು ಬೇರೆ. ಉಳಿದ ಹತ್ತು ತಿಂಗಳು ರಾತ್ರಿ ಹೊತ್ತು ದೊಡ್ಡ ದೋಣಿಗಳು ಜನರೇಟರ್ ಇಟ್ಟುಕೊಂಡು, ಎಲ್‌ಇಡಿ ದೀಪ ಹಾಯಿಸಿ ಮೀನನ್ನು ಸೆಳೆದು, ಸಣ್ಣ ಮರಿ ಸಮೇತ ಬಾಚುತ್ತವೆ. ನಿಷೇಧ ಕಾಗದದಲ್ಲಿದೆ, ತಡೆಯುವವರು ಎಲ್ಲಿ ಎಂಬುದು ಅವರ ಪ್ರಶ್ನೆ.

ಕೇಂದ್ರ ಮತ್ತು ರಾಜ್ಯಗಳ ನಡುವೆ ವಿಷಯಗಳನ್ನು ಹಂಚುವ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯ 21ನೇ ನಮೂದು. ಆದರೆ ಪ್ರಾದೇಶಿಕ ಜಲಗಡಿಯ ಆಚೆಗಿನ ಮೀನುಗಾರಿಕೆ ಕೇಂದ್ರ ಪಟ್ಟಿಯ 57ನೇ ನಮೂದು. ಅಂದರೆ ದಡದಿಂದ 12 ನಾಟಿಕಲ್ ಮೈಲಿವರೆಗೆ ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಡೆಯುತ್ತದೆ. ಅದರಾಚೆ ಕೇಂದ್ರದ ಹೊಣೆ. ಅಲ್ಲಿ ಎಲ್‌ಇಡಿ ದೀಪದ ಮೀನುಗಾರಿಕೆಯನ್ನೂ ಬುಲ್ ಟ್ರಾಲಿಂಗನ್ನೂ (ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವುದು) ನಿಷೇಧಿಸಿ ಕೇಂದ್ರವೇ 2017ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದೆ. ಪ್ರಶ್ನೆಯನ್ನು ನಾನು ಆ ಗೆರೆಯ ಆಚೆಗೆ ನಿಲ್ಲಿಸಿದೆ. 12 ಮೈಲಿಯಾಚೆ, ಆ ಆದೇಶದ ನಂತರ, ಪ್ರತಿ ವರ್ಷ ಎಷ್ಟು ದೋಣಿ ಹಿಡಿದಿದ್ದೀರಿ? ಹಿಡಿದವರು ಯಾರು? ಎಷ್ಟು ಪ್ರಕರಣಕ್ಕೆ ದಂಡ ಬಿತ್ತು? 'ಸರ್ಕಾರ ಏನು ಕ್ರಮ ಕೈಗೊಂಡಿದೆ' ಎಂದು ಸುಮ್ನೆ ಕೇಳಿದರೆ ಯೋಜನೆಗಳ ಪಟ್ಟಿ ಬರುತ್ತದೆ. ಹಳೆಯ ಉತ್ತರಗಳನ್ನು ಓದಿದರೆ ಇದು ಗೊತ್ತಾಗುತ್ತದೆ.

ಲೋಕಸಭೆಯ ನಿಯಮ 41 ಪ್ರಶ್ನೆಯ ಅಳತೆ ಹೇಳುತ್ತದೆ. ಸಾಮಾನ್ಯವಾಗಿ 150 ಪದ ಮೀರಬಾರದು. ವಾದ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು. ಮೀನುಗಾರರ ಪತ್ರದಲ್ಲಿದ್ದ ಸಿಟ್ಟನ್ನು ಹಾಗೇ ಬರೆಯುವಂತಿರಲಿಲ್ಲ. ಅದನ್ನು ಅಂಕಿ ಕೇಳುವ ಸಾಲುಗಳಾಗಿ ಮಾಡಬೇಕಾಯಿತು.

ನಿಷೇಧದ ಕಾಲದ ಪರಿಹಾರದ ಬಗ್ಗೆಯೂ ಒಂದು ಸಾಲು ಸೇರಿಸಿದೆವು. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರರು 1,500 ರೂಪಾಯಿ ಕಟ್ಟುತ್ತಾರೆ. ರಾಜ್ಯ 1,500, ಕೇಂದ್ರ 1,500 ಸೇರಿಸಿ ಒಟ್ಟು 4,500 ವಾಪಸ್ ಕೊಡಬೇಕು. ಎಷ್ಟು ಹಣ ಬಿಡುಗಡೆಯಾಯಿತು ಎಂದು ಕೇಳಲು ಹೊರಟಿದ್ದೆ. ಮೀನು ಮಾರುವ ಅಕ್ಕ ಒಬ್ಬರು ಫೋನಿನಲ್ಲಿ ಹೇಳಿದರು: "ಎಷ್ಟು ಅಂತ ಕೇಳ್ಬೇಡಿ ಮಗಾ, ಯಾವ ತಿಂಗ್ಳು ಬಂತು ಅಂತ ಕೇಳಿ." ಎಷ್ಟು ಸರಿಯಾದ ಮಾತು! ಜೂನ್‌ನಲ್ಲಿ ಒಲೆ ಉರಿಯಲು ಬೇಕಾದ ದುಡ್ಡು ದೀಪಾವಳಿಗೆ ಬಂದರೆ ಆ ಹೊತ್ತಿಗೆ ಸಾಲ ಬೆಳೆದಿರುತ್ತದೆ. ಪ್ರಶ್ನೆಯಲ್ಲಿ 'ತಿಂಗಳುವಾರು' ಎಂಬ ಪದ ಸೇರಿತು.

ಶಾಲೆಯ ಪ್ರಶ್ನೆ ಇನ್ನೂ ಕಷ್ಟದ್ದು. ಬರೆದವರು ಒಬ್ಬ ತಾಯಿ. ಮಗನಿಗೆ ಡಿಸ್ಲೆಕ್ಸಿಯಾ. ಸರ್ಕಾರಿ ಶಾಲೆ. ಪಾಠ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಅಕ್ಷರ ಕೂಡುವುದಿಲ್ಲ. ತರಗತಿಯಲ್ಲಿ ಅವನನ್ನು ಸೋಮಾರಿ ಎನ್ನುತ್ತಾರೆ. ಆ ಪತ್ರ ಓದಿದ ದಿನ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ್ದು. ಆದರೂ ಶಿಕ್ಷಕರ ನೇಮಕ ರಾಜ್ಯದ್ದು ಎಂದು ಉತ್ತರ ಮುಗಿಸಬಹುದು. ಹಾಗಾಗಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಸಾಲು ಸಾಲಾಗಿ ಓದಿದೆ. ಅದರ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಇದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಎಡಿಎಚ್‌ಡಿಯ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಆ ಮಕ್ಕಳು ಲೆಕ್ಕದಿಂದಲೇ ಹೊರಗೆ ಉಳಿಯುತ್ತಾರೆ. ಪಟ್ಟಿಯೊಳಗಿನ ಮಕ್ಕಳಿಗೂ ನ್ಯೂನತೆಯ ಪ್ರಮಾಣಪತ್ರ ಬೇಕು. ಉಚಿತ ಶಿಕ್ಷಣದ ಹಕ್ಕು ಹೇಳುವ 31ನೇ ಸೆಕ್ಷನ್ ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಕ್ಕಳಿಗೆ ಮಾತ್ರ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು 17ನೇ ಸೆಕ್ಷನ್. ಪ್ರತಿ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ, ಯಾವ ಮಗುವಿಗೆ ಏನು ಬೇಕು, ಅದು ಎಷ್ಟರ ಮಟ್ಟಿಗೆ ಸಿಗುತ್ತಿದೆ ಎಂದು ನೋಡಬೇಕು. ಕಾಯ್ದೆ ಜಾರಿಯಾಗಿ ಎರಡು ವರ್ಷದೊಳಗೆ ಮೊದಲ ಸಮೀಕ್ಷೆ ಮುಗಿಯಬೇಕು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾದರೆ 2019ರ ಏಪ್ರಿಲ್‌ಗೆ ಗಡುವು. ನಮ್ಮ ಮೊದಲ ಸಾಲು ಇದೇ: ಸಮೀಕ್ಷೆ ಯಾವ ಯಾವ ರಾಜ್ಯದಲ್ಲಿ, ಯಾವ ವರ್ಷ ನಡೆದಿದೆ?

ಎರಡನೇ ಸಾಲು ಹಣದ್ದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿದೆ. ಇದರಲ್ಲಿ ಕೇಂದ್ರದ ದುಡ್ಡಿದೆ, ಲೆಕ್ಕ ಕೇಳಬಹುದು. ಮೂರನೆಯದು ನನಗೆ ಬಹಳ ಇಷ್ಟವಾದ ಸಾಲು. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ಶಾಲೆಗಳು ಕೇಂದ್ರದವೇ. ಅಲ್ಲಿ ವಿಶೇಷ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಿದರೆ ರಾಜ್ಯದ ಕಡೆ ಬೆರಳು ತೋರಿಸುವಂತಿಲ್ಲ. ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಹಿರಿಯ ತರಗತಿಗಳಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿದೆ. ಆ ಅನುಪಾತದ ಪಕ್ಕದಲ್ಲಿಟ್ಟು ನೋಡಿದರೆ ಬರುವ ಅಂಕಿಗೆ ಅರ್ಥ ಬರುತ್ತದೆ.

ಪ್ರಶ್ನೆ ಕೊಡಲು ಕನಿಷ್ಠ 15 ಪೂರ್ಣ ದಿನಗಳ ನೋಟಿಸ್ ಬೇಕು. ಆಮೇಲೆ ಯಾವ ಪ್ರಶ್ನೆ ಮೊದಲು ಎಂದು ಲಾಟರಿ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವ) ಪ್ರಶ್ನೆ 20, ಚುಕ್ಕೆ ಗುರುತಿಲ್ಲದವು 230. ನಮ್ಮವು ಎರಡೂ ಚುಕ್ಕೆ ಗುರುತಿಲ್ಲದವಾಗಿ ಬಂದವು. ಲಿಖಿತ ಉತ್ತರ ಮಾತ್ರ, ಎದ್ದು ನಿಂತು ಪೂರಕ ಪ್ರಶ್ನೆ ಕೇಳುವ ಅವಕಾಶವಿಲ್ಲ. ಇದರಿಂದ ನನಗೇನೂ ಬೇಸರವಾಗಲಿಲ್ಲ. ಅಂಕಿ ಬೇಕಾದಾಗ ಲಿಖಿತ ಉತ್ತರವೇ ಮೇಲು, ಅನುಬಂಧದಲ್ಲಿ ರಾಜ್ಯವಾರು ಪಟ್ಟಿ ಬರುತ್ತದೆ.

ಎರಡು ಉತ್ತರಗಳಲ್ಲೂ ಕೆಲವು ಸಾಲುಗಳಿಗೆ ಅಂಕಿ ಬಂತು, ಕೆಲವಕ್ಕೆ ಬರಲಿಲ್ಲ. ಒಂದು ಕಡೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದಿತ್ತು. ಇಂಥ ಮಾತನ್ನು ಸದನ ಭರವಸೆ ಎಂದು ಪರಿಗಣಿಸುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಇಲ್ಲವಾದರೆ ಸರ್ಕಾರಿ ಭರವಸೆಗಳ ಸಮಿತಿ ವಿಚಾರಿಸಬಹುದು. ನಾನು ಆ ಸಾಲನ್ನು ತಾರೀಖು ಸಮೇತ ಬೇರೆ ಕಡತಕ್ಕೆ ಹಾಕಿ, ಕಾಲಕಾಲಕ್ಕೆ ನೆನಪಿಸುವ ಪತ್ರ ಸಿದ್ಧ ಮಾಡುತ್ತಿದ್ದೆ. ಈ ಬೆನ್ನು ಹತ್ತುವ ಕೆಲಸಕ್ಕೆ ಟಿವಿ ಕ್ಯಾಮೆರಾ ಬರುವುದಿಲ್ಲ. ಪ್ರಶ್ನೆಗಿಂತ ಜಾಸ್ತಿ ಫಲ ಕೊಡುವುದು ಇದೇ ಎಂದು ನಾನು ನಂಬಿದ್ದೇನೆ.

ಉತ್ತರಗಳನ್ನು ಕನ್ನಡದಲ್ಲಿ ಒಂದೊಂದು ಪುಟಕ್ಕೆ ಇಳಿಸಿ ಊರಿಗೆ ಕಳಿಸಿದೆ. ಆ ತಾಯಿ 17ನೇ ಸೆಕ್ಷನ್ ಇದ್ದ ಹಾಳೆ ಹಿಡಿದು ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದರು. ಮಗನಿಗೆ ಮೌಖಿಕವಾಗಿ ಪರೀಕ್ಷೆ ಮಾಡಲು ಶಿಕ್ಷಕರು ಒಪ್ಪಿದ್ದಾರೆ. ವಿಶೇಷ ಶಿಕ್ಷಕರು ಇನ್ನೂ ಬಂದಿಲ್ಲ. ನಾಡದೋಣಿಯವರು ತಿಂಗಳುವಾರು ಪಟ್ಟಿಯನ್ನು ತಮ್ಮ ಸಂಘದ ಮುಂದಿನ ಮನವಿಗೆ ಲಗತ್ತಿಸಿದರು.

ನೀವೂ ಇದನ್ನು ಮಾಡಬಹುದು. ಮೊದಲು ಸಂಸತ್ತಿನ ಜಾಲತಾಣದಲ್ಲಿ ನಿಮ್ಮ ವಿಷಯದ ಹಳೆಯ ಉತ್ತರ ಓದಿ, ಅದರಲ್ಲಿ ಏನು ಬಿಟ್ಟಿದ್ದಾರೆ ಗುರುತು ಹಾಕಿ. ನೀವು ಕಣ್ಣಾರೆ ಕಂಡದ್ದು ಒಂದು ಸಾಲು, ನಿಮಗೆ ಬೇಕಾದ ಅಂಕಿ ಒಂದು ಸಾಲು ಬರೆದು ಅಧಿವೇಶನಕ್ಕೆ ತಿಂಗಳು ಮುಂಚೆಯೇ ಸಂಸದರ ಕಚೇರಿಗೆ ಕಳಿಸಿ. ಕರ್ನಾಟಕದಿಂದ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಒಬ್ಬರು ತೆಗೆದುಕೊಳ್ಳದಿದ್ದರೆ ಇನ್ನೊಬ್ಬರಿಗೆ ಕಳಿಸಿ.