ಅಪ್ಪ ಅಮ್ಮನ ಬೆರಳಚ್ಚಿಗೆ ಬೀಗ ಹಾಕಿದ್ದು

ಒಟಿಪಿ ಬಾರದೆ, ಕಾರ್ಡ್ ಬಳಸದೆ ಬೆಂಗಳೂರಿನ ಹಲವರ ಬ್ಯಾಂಕ್ ಖಾತೆಗಳಿಂದ ಹಣ ಹೋದ ಪ್ರಕರಣಗಳು 2023ರಲ್ಲಿ ಬೆಳಕಿಗೆ ಬಂದವು. ನೋಂದಾಯಿತ ಕ್ರಯಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ವಂಚಕರು ನಕಲು ಮಾಡಿಕೊಂಡಿದ್ದಾರೆಂಬ ಶಂಕೆ ಅದರ ಹಿಂದಿತ್ತು. ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರ ಬಳಿ ಹಣ ಪಡೆಯಲು ಇರುವ ಎಇಪಿಎಸ್ (ಆಧಾರ್ ಆಧಾರಿತ ಪಾವತಿ) ವ್ಯವಸ್ಥೆಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇಷ್ಟಿದ್ದರೆ ಸಾಕು. ನಮ್ಮ ತಂದೆಯವರ ನಿವೇಶನದ ಕ್ರಯಪತ್ರದಲ್ಲಿಯೂ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಇರುವುದರಿಂದ, ಮನೆಯವರೆಲ್ಲರ ಆಧಾರ್‌ನ ಬಯೋಮೆಟ್ರಿಕ್, ಅಂದರೆ ದೇಹದ ಗುರುತುಗಳ ಬಳಕೆಯನ್ನು, ಲಾಕ್ ಮಾಡಲು ನಿರ್ಧರಿಸಿದೆ. ಪಾಸ್‌ವರ್ಡ್ ಸೋರಿಕೆಯಾದರೆ ಬೇರೆಯದನ್ನು ಇಡಬಹುದು. ಬೆರಳಚ್ಚಿನ ವಿಷಯದಲ್ಲಿ ಆ ದಾರಿಯೇ ಇಲ್ಲ.

ಮೊದಲ ತೊಡಕು ತಂದೆಯವರ ಆಧಾರ್‌ಗೆ ಜೋಡಣೆಯಾಗಿದ್ದ ಹಳೆಯ ಮೊಬೈಲ್ ಸಂಖ್ಯೆ. ಒಟಿಪಿ ಅಲ್ಲಿಗೇ ಹೋಗುವುದರಿಂದ ಅವರನ್ನು ಆಧಾರ್ ಸೇವಾ ಕೇಂದ್ರಕ್ಕೆ ಕರೆದೊಯ್ದು ಸಂಖ್ಯೆ ಬದಲಾಯಿಸಬೇಕಾಯಿತು. ಅದಾದ ಮೇಲೆ ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡುವ ಕೆಲಸ ಬೇಗನೆ ಮುಗಿಯಿತು. ಒಟಿಪಿ ಮೂಲಕ ಆಧಾರ್ ದೃಢೀಕರಣಕ್ಕೆ ಇದರಿಂದ ಅಡ್ಡಿಯಾಗುವುದಿಲ್ಲ. ಬೆರಳು, ಕಣ್ಣಿನ ಪಾಪೆ ಮತ್ತು ಮುಖದ ಮೂಲಕ ನಡೆಯುವ ದೃಢೀಕರಣ ಮಾತ್ರ ನಿಲ್ಲುತ್ತದೆ.

ನಿಜವಾದ ಅಭ್ಯಾಸ ಬೇಕಾದದ್ದು ನ್ಯಾಯಬೆಲೆ ಅಂಗಡಿಯಲ್ಲಿ. ಲಾಕ್ ಇರುವಾಗ ಬೆರಳಿಟ್ಟರೆ ಯಂತ್ರ 330 ಎಂಬ ದೋಷಸಂಖ್ಯೆಯೊಂದಿಗೆ ನಿರಾಕರಿಸುತ್ತದೆ. ಆದ್ದರಿಂದ ಸರದಿಯಲ್ಲಿ ತಮ್ಮ ಮುಂದೆ ಒಬ್ಬಿಬ್ಬರು ಉಳಿದಾಗ ತಮ್ಮದೇ ಮೊಬೈಲಿನಲ್ಲಿ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡುವುದನ್ನು ತಾಯಿಯವರಿಗೆ ಕಲಿಸಿದೆ. ಹತ್ತು ನಿಮಿಷದ ನಂತರ ಅದು ತಾನಾಗಿ ಮತ್ತೆ ಲಾಕ್ ಆಗುತ್ತದೆ. ಸರ್ವರ್ ನಿಧಾನವಾದ ದಿನ ಎರಡನೆಯ ಸಲ ಒಟಿಪಿ ಹಾಕಬೇಕಾಗುತ್ತದೆ, ಆದರೆ ಬೇರೆ ಯಾರ ಕೈಗೂ ಫೋನ್ ಕೊಡದೆ ಅವರೇ ಇದನ್ನು ಮಾಡಿಕೊಳ್ಳುತ್ತಿರುವುದು ನನಗೆ ಲಾಕ್‌ನಷ್ಟೇ ಮುಖ್ಯವೆನಿಸಿದೆ.

ಲಾಕ್ ಮಾಡುವ ಮೊದಲೇ ಅವರ ಆಧಾರನ್ನು ಯಾರಾದರೂ ಬಳಸಿದ್ದಾರೆಯೇ ಎಂದು ತಿಳಿಯಲು ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ಕಳೆದ ಆರು ತಿಂಗಳ ದೃಢೀಕರಣ ಇತಿಹಾಸವನ್ನು ತೆಗೆದು ನೋಡಿದೆ. ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ಕೇಳಿದ ಸಂಸ್ಥೆ ಮತ್ತು ಬೆರಳೋ ಒಟಿಪಿಯೋ ಎಂಬ ವಿವರ ಇರುತ್ತದೆ. ತಾಯಿಯವರ ಪಡಿತರದ ದಿನಗಳು, ತಂದೆಯವರ ಪಿಂಚಣಿಯ ಜೀವಿತ ಪ್ರಮಾಣಪತ್ರ ಎಲ್ಲವೂ ತಾಳೆಯಾದವು.

ಈಗ ವಸತಿಗೃಹದಲ್ಲಾಗಲಿ ಸಿಮ್ ಅಂಗಡಿಯಲ್ಲಾಗಲಿ ಗುರುತಿನ ಚೀಟಿ ಕೇಳಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಮೊದಲು ತೋರಿಸುತ್ತೇವೆ. ಬ್ಯಾಂಕಿನ ಎಸ್ಎಂಎಸ್‌ಗಳನ್ನು ತಂದೆಯವರು ಅಂದಂದೇ ಓದುತ್ತಾರೆ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟ ತಗಲಬಾರದೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಅದಕ್ಕಾಗಿಯೇ ಬ್ಯಾಂಕಿನ ಸಂಖ್ಯೆಯ ಜೊತೆಗೆ ಸೈಬರ್ ಅಪರಾಧದ ಸಹಾಯವಾಣಿ 1930ನ್ನೂ ಅವರ ಫೋನಿನಲ್ಲಿ ಉಳಿಸಿಟ್ಟಿದ್ದೇನೆ.