ವಿಡಿಯೊ ತಡೆಯದೆ ರಾತ್ರಿಯ ನೆಟ್ ಸರಿ ಮಾಡಿದ್ದು: ನನ್ನ ಅನುಭವ

ಬನಹಟ್ಟಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವುದು ನನ್ನ ಕೆಲಸ. ಮೊದಲು ಕೇಬಲ್ ಟಿವಿ ಇತ್ತು, ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದಿದ್ದೇನೆ. ಹಗಲು ಊರ ತುಂಬ ಪವರ್‌ಲೂಮ್ ಸದ್ದು, ನೆಟ್ ಬಳಕೆ ಕಡಿಮೆ. ಊಟದ ಹೊತ್ತಿಗೆ ಎಲ್ಲರ ಕೈಗೂ ಫೋನ್ ಬರುತ್ತದೆ. ರಾತ್ರಿ 8ರಿಂದ 11ರವರೆಗೆ ನಮ್ಮ ಲೈನ್ ತುಂಬಿಹೋಗುತ್ತದೆ. ನೆಟ್ ನ್ಯೂಟ್ರಾಲಿಟಿ ಬಗ್ಗೆ ದೆಹಲಿಯಲ್ಲಿ, ವಾಷಿಂಗ್ಟನ್‌ನಲ್ಲಿ ನಡೆಯುವ ಜಗಳ ನನ್ನಂಥ ಸಣ್ಣ ಆಪರೇಟರ್‌ಗೆ ಎದುರಾಗುವುದು ಈ ಮೂರು ಗಂಟೆಯಲ್ಲೇ.

ವಿಷಯ ಸರಳ. ಲೈನ್ ನಡೆಸುವವನು ಅದರೊಳಗೆ ಏನು ಹೋಗುತ್ತಿದೆ ಎಂದು ನೋಡಿ ದರವನ್ನೋ ವೇಗವನ್ನೋ ಬದಲಿಸಬಾರದು. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಇದಕ್ಕೆ ನೆಟ್‌ವರ್ಕ್ ನ್ಯೂಟ್ರಾಲಿಟಿ ಎಂದು ಹೆಸರಿಟ್ಟರು. ಆದರೆ ವಿಚಾರ ಅದಕ್ಕಿಂತ ಹಳೆಯದು. 1981ರಲ್ಲೇ ಎಂಐಟಿಯ ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು ಒಂದು ಪ್ರಬಂಧದಲ್ಲಿ, ಜಾಣತನದ ಕೆಲಸ ಎರಡು ತುದಿಯ ಕಂಪ್ಯೂಟರ್‌ಗಳಲ್ಲಿರಲಿ, ನಡುವಿನ ಜಾಲ ಆದಷ್ಟು ಸರಳವಾಗಿರಲಿ ಎಂದು ವಾದಿಸಿದ್ದರು. ಯುಪಿಐ ಬಂದಾಗ, ವಾಟ್ಸಾಪ್ ಕಾಲ್ ಬಂದಾಗ ಯಾರೂ ನನ್ನ ಅನುಮತಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಇಂಟರ್ನೆಟ್ ಇಷ್ಟು ಬೆಳೆದದ್ದೇ ಹಾಗೆ.

ಕೇಬಲ್ ಲೈನಿನಿಂದ ಬಂದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಅನಲಾಗ್ ಕಾಲದಲ್ಲಿ ಚಾನೆಲ್‌ಗಳು ಪ್ಲೇಸ್‌ಮೆಂಟ್‌ಗೆ ದುಡ್ಡು ಕೊಡುತ್ತಿದ್ದವು. ಕೊಟ್ಟ ಚಾನೆಲ್‌ಗೆ ಪ್ರೈಮ್ ಬ್ಯಾಂಡ್, ರಿಮೋಟ್‌ನ ಮೊದಲ ನಂಬರ್‌ಗಳು, ಸ್ವಚ್ಛ ಚಿತ್ರ. ಕೊಡಲಾಗದ ಚಾನೆಲ್ ಮೇಲಿನ ಫ್ರೀಕ್ವೆನ್ಸಿಗೆ ಹೋಗುತ್ತಿತ್ತು. ಅಲ್ಲಿ ಚಿತ್ರದ ತುಂಬ ಚುಕ್ಕಿ. ಹಳೆಯ ಟಿವಿಗಳಲ್ಲಂತೂ ಕೆಲವು ಚಾನೆಲ್ ಸಿಗುತ್ತಲೇ ಇರಲಿಲ್ಲ. ನೋಡುವವರು ‘ಈ ಚಾನೆಲ್ ಸರಿ ಇಲ್ಲ’ ಎಂದು ಬೇರೆಡೆ ಹೋಗುತ್ತಿದ್ದರು. ತಪ್ಪು ಚಾನೆಲ್‌ನದ್ದಲ್ಲ, ಜಾಗದ್ದು ಎಂದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಸಣ್ಣ ಕನ್ನಡ ಚಾನೆಲ್‌ಗಳು ಹೀಗೆ ಹಿಂದೆ ಬಿದ್ದದ್ದನ್ನು ನಾನು ಕಂಟ್ರೋಲ್ ರೂಮ್‌ನಲ್ಲೇ ಕೂತು ನೋಡಿದ್ದೇನೆ. ನೆಟ್‌ನಲ್ಲಿ ಇದು ಮತ್ತೆ ನಡೆಯಬಾರದು ಎನ್ನುವುದು ನನ್ನ ಹಟ.

ಈಗ ರಾತ್ರಿಯ ಸಮಸ್ಯೆಗೆ ಬರೋಣ. ದೂರುಗಳು ಹೆಚ್ಚಿದಾಗ ಉಪಕರಣ ಮಾರುವವರೊಬ್ಬರು ಬಂದು ಒಂದು ಪೆಟ್ಟಿಗೆ ತೋರಿಸಿದರು. ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್ ಮಾಡುತ್ತದಂತೆ, ಅಂದರೆ ಲೈನಿನಲ್ಲಿ ಹೋಗುವ ಡೇಟಾದ ತುಣುಕುಗಳನ್ನು (ಪ್ಯಾಕೆಟ್) ಒಳಹೊಕ್ಕು ನೋಡುವುದು. ವಿಡಿಯೊ ಯಾವುದು, ಟೊರೆಂಟ್ ಯಾವುದು ಎಂದು ಗುರುತಿಸಿ ರಾತ್ರಿ ಹೊತ್ತು ಅವನ್ನು ಹಿಡಿದಿಟ್ಟರೆ ಉಳಿದದ್ದೆಲ್ಲ ಸಲೀಸು ಎಂದರು. ನಾನು ಬೇಡ ಎಂದೆ. ಮೊದಲ ಕಾರಣ ತಾಂತ್ರಿಕ. ಈಗ ಹೆಚ್ಚುಕಡಿಮೆ ಎಲ್ಲ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ನಡುವಿನವರು ಓದಲಾಗದು. ಪೆಟ್ಟಿಗೆ ನೋಡುವುದು ಬಹುಪಾಲು ಸಂಪರ್ಕದ ಶುರುವಿನಲ್ಲಿ ಕಾಣುವ ಸೈಟ್ ಹೆಸರನ್ನು, ಉಳಿದದ್ದು ಊಹೆ. ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದು. ನಮ್ಮೂರಲ್ಲಿ ಪಿಯುಸಿ ಮಕ್ಕಳು ಗಣಿತ ಕಲಿಯುವುದು ಯೂಟ್ಯೂಬ್‌ನಲ್ಲಿ, ಪಕ್ಕದ ಮನೆಯವರು ಹಾಡು ನೋಡುವುದೂ ಅಲ್ಲೇ. ನೇಕಾರರು ಸೊಲ್ಲಾಪುರದ ವ್ಯಾಪಾರಿಗೆ ಸೀರೆಯ ಸೆರಗು, ಅಂಚು ತೋರಿಸುವುದು ವಿಡಿಯೊ ಕಾಲ್‌ನಲ್ಲಿ. ಯಾವ ವಿಡಿಯೊ ಮುಖ್ಯ, ಯಾವುದು ಅಲ್ಲ ಎಂದು ಹೇಳಲು ನಾನು ಯಾರು?

ಹಾಗಾದರೆ ಏನು ಮಾಡಿದೆ? ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕಿದೆ. ಒಂದು ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಪಿಂಗ್ ಓಡಿಸಿದೆ, ಅಂದರೆ ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆದೆ. ಮಧ್ಯಾಹ್ನ 20, 25 ಮಿಲಿಸೆಕೆಂಡ್ ತೋರಿಸುತ್ತಿದ್ದುದು ರಾತ್ರಿ ಒಂಬತ್ತಕ್ಕೆ 500 ದಾಟಿತು. ಅಂದರೆ ತೊಂದರೆ ವೇಗದ್ದು ಮಾತ್ರ ಅಲ್ಲ, ಕಾಯುವುದರದ್ದು. ಲೈನ್ ತುಂಬಿದಾಗ ಪ್ಯಾಕೆಟ್‌ಗಳು ನಮಗೆ ಬ್ಯಾಂಡ್‌ವಿಡ್ತ್ ಮಾರುವ ಮೇಲಿನವರ ರೂಟರ್‌ನ ಬಫರ್‌ನಲ್ಲಿ, ಅಂದರೆ ಕಾಯುವ ಜಾಗದಲ್ಲಿ, ಸಾಲು ನಿಲ್ಲುತ್ತವೆ. ಬಫರ್ ದೊಡ್ಡದಾದಷ್ಟೂ ಸಾಲು ಉದ್ದ. ಒಂದು ಮನೆಯಲ್ಲಿ ದೊಡ್ಡ ಗೇಮ್ ಡೌನ್‌ಲೋಡ್ ಹಚ್ಚಿದರೆ ಅದರ ಸಾವಿರಾರು ಪ್ಯಾಕೆಟ್‌ಗಳ ಹಿಂದೆ ಇನ್ನೊಂದು ಮನೆಯ ಕಾಲ್‌ನ ಪುಟ್ಟ ಪ್ಯಾಕೆಟ್ ಕಾಯಬೇಕು. ಧ್ವನಿಯ ಪ್ಯಾಕೆಟ್ ಸಾಮಾನ್ಯವಾಗಿ 20 ಮಿಲಿಸೆಕೆಂಡ್‌ಗೊಂದು ಹೊರಡುತ್ತದೆ. ಅರ್ಧ ಸೆಕೆಂಡ್ ತಡವಾದರೆ ಮಾತು ಒಂದರ ಮೇಲೊಂದು ಬೀಳುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಜಿಮ್ ಗೆಟಿಸ್, ಡೇವ್ ಟಾಟ್ ಮುಂತಾದವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದು ಕೆಲಸ ಮಾಡಿದರು. ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನ ಕೊಟ್ಟರು. ಅದರಿಂದ ಎಫ್‌ಕ್ಯೂ-ಕೋಡೆಲ್, ಆಮೇಲೆ ಕೇಕ್ ಬಂದವು. ಎಲ್ಲ ಮುಕ್ತ ತಂತ್ರಾಂಶ, ಲಿನಕ್ಸ್‌ನಲ್ಲೇ ಇವೆ.

ಇವುಗಳ ಗುಣ ಏನೆಂದರೆ, ಪ್ಯಾಕೆಟ್ ಯಾವ ಆ್ಯಪ್‌ನದ್ದು ಎಂದು ಕೇಳುವುದೇ ಇಲ್ಲ. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸರದಿಯ ಮೇಲೆ ಒಂದೊಂದರಿಂದ ಸ್ವಲ್ಪ ಸ್ವಲ್ಪ ಕಳಿಸುತ್ತವೆ. ಕಡಿಮೆ ಕೇಳುವವರಿಗೆ ತಕ್ಷಣ ಸಿಗುತ್ತದೆ, ಜಾಸ್ತಿ ಕೇಳುವವರ ಸಾಲು ಮಾತ್ರ ಉದ್ದವಾಗುತ್ತದೆ. ಪ್ಯಾಕೆಟ್ ತುಂಬ ಹೊತ್ತು ಕಾದರೆ ಒಂದನ್ನು ಕಳಿಸದೆ ಎಸೆದುಬಿಡುತ್ತವೆ. ಆಗ ಕಳಿಸುವ ಸರ್ವರ್ ತಾನಾಗಿಯೇ ವೇಗ ತಗ್ಗಿಸುತ್ತದೆ.

ನಾನು ಹಾಕಿದ್ದು ಲಿಬ್ರೆಕ್ಯೂಒಎಸ್. ಸಣ್ಣ ಇಂಟರ್ನೆಟ್ ಕಂಪನಿಗಳಿಗೆಂದೇ ಮಾಡಿದ ಮುಕ್ತ ತಂತ್ರಾಂಶ ಇದು. ಒಂದು ಸೆಕೆಂಡ್‌ಹ್ಯಾಂಡ್ ಸರ್ವರ್, ಎರಡು ಪೋರ್ಟ್‌ನ ಒಳ್ಳೆ ನೆಟ್‌ವರ್ಕ್ ಕಾರ್ಡ್ ಸಾಕಾಯಿತು. ಹೊರಗಿನ ರೂಟರ್‌ಗೂ ಒಳಗಿನ ರೂಟರ್‌ಗೂ ನಡುವೆ ಇದನ್ನು ಬ್ರಿಡ್ಜ್ ಆಗಿ, ಅಂದರೆ ಎಲ್ಲ ಟ್ರಾಫಿಕ್ ಇದರ ಮೂಲಕವೇ ದಾಟುವಂತೆ, ಕೂರಿಸಿದೆ. ಪ್ರತಿ ಮನೆಗೆ ಅವರ ಪ್ಲಾನ್ ಪ್ರಕಾರ ಗರಿಷ್ಠ ವೇಗ, ಜೊತೆಗೆ ಒಂದು ಕನಿಷ್ಠ ವೇಗ ಬರೆದೆ. ಲೈನ್ ತುಂಬಿದಾಗ ಮೊದಲು ಎಲ್ಲರಿಗೂ ಕನಿಷ್ಠ ಪಾಲು, ಉಳಿದದ್ದರಲ್ಲಿ ಹಂಚಿಕೆ. ಮನೆಯೊಳಗಿನ ಹಂಚಿಕೆ ಕೇಕ್‌ನ ಕೆಲಸ. ಇಲ್ಲಿ ಒಂದು ಮಾತು ಬಹಳ ಮುಖ್ಯ. ಒಟ್ಟು ವೇಗವನ್ನು ನಾವು ಕೊಂಡ ಬ್ಯಾಂಡ್‌ವಿಡ್ತ್‌ಗಿಂತ ಸ್ವಲ್ಪ ಕೆಳಗೆ, 95% ಸುತ್ತ ಇಡಬೇಕು. ಪೂರ್ತಿ ಇಟ್ಟರೆ ಸಾಲು ಮತ್ತೆ ಮೇಲಿನವರ ರೂಟರ್‌ನಲ್ಲಿ ಕಟ್ಟುತ್ತದೆ, ಅಲ್ಲಿ ನಮ್ಮ ಕೈ ನಡೆಯುವುದಿಲ್ಲ. ಐದು ಪರ್ಸೆಂಟ್ ಬಿಟ್ಟುಕೊಟ್ಟರೆ ಸಾಲು ನಮ್ಮ ಪೆಟ್ಟಿಗೆಯೊಳಗೆ ಬರುತ್ತದೆ.

ಹಾಕಿದ ಮೇಲೆ ಅದೇ ಮನೆಯಲ್ಲಿ, ಅದೇ ರಾತ್ರಿ ಒಂಬತ್ತಕ್ಕೆ ಪಿಂಗ್ 40ರ ಆಸುಪಾಸು ನಿಂತಿತು. ಯಾರ ವಿಡಿಯೊವನ್ನೂ ತಡೆದಿರಲಿಲ್ಲ. ದೊಡ್ಡ ಡೌನ್‌ಲೋಡ್ ಒಂದಿಷ್ಟು ನಿಧಾನವಾಗಿ ಮುಗಿಯುತ್ತದೆ, ನಿಜ. ಆದರೆ ಅದು ಆ ಮನೆಯ ಪಾಲು, ಬೇರೆಯವರ ಪಾಲಲ್ಲ.

ಇನ್ನೊಂದು ಪ್ರಸಂಗ ಹೇಳಲೇಬೇಕು. ಕೋಚಿಂಗ್ ನಡೆಸುವ ಸಂಸ್ಥೆಯೊಂದರವರು ಬಂದಿದ್ದರು. ತಮ್ಮ ಆ್ಯಪ್‌ನ ಡೇಟಾವನ್ನು ಗ್ರಾಹಕರ ತಿಂಗಳ ಮಿತಿಯಲ್ಲಿ ಲೆಕ್ಕ ಹಾಕಬೇಡಿ, ಅದರ ಖರ್ಚು ತಾವು ಕೊಡುತ್ತೇವೆ ಎಂದರು. ಮಕ್ಕಳ ಓದಿಗೆ ತಾನೇ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರ ಫೆಬ್ರುವರಿ 8ರಂದು ತಂದ ನಿಯಮ ಇದನ್ನೇ ನಿಷೇಧಿಸಿದೆ. ವಿಷಯ ನೋಡಿ ಡೇಟಾ ದರ ಬದಲಿಸುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷದವರೆಗೆ ದಂಡ. ಕೆಲವೇ ಸೈಟ್‌ಗಳನ್ನು ಪುಕ್ಕಟೆ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಭಾರತದಲ್ಲಿ ನಿಂತದ್ದು ಈ ನಿಯಮದಿಂದಲೇ. ಅದಕ್ಕೆ ಮುಂಚೆ, 2015ರಲ್ಲಿ, ನೆಟ್ ನ್ಯೂಟ್ರಾಲಿಟಿ ಉಳಿಸಿ ಎಂದು ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋಗಿದ್ದವು. ಅದರಲ್ಲಿ ನನ್ನದೂ ಒಂದಿತ್ತು.

ದಂಡಕ್ಕೆ ಹೆದರಿ ಸುಮ್ನೆ ಬೇಡ ಎಂದದ್ದಲ್ಲ. ಒಂದು ಸಂಸ್ಥೆಯ ಪಾಠ ಪುಕ್ಕಟೆ ಆದರೆ, ಜಮಖಂಡಿಯಲ್ಲೋ ಮುಧೋಳದಲ್ಲೋ ಚೆನ್ನಾಗಿ ಪಾಠ ಮಾಡಿ ವಿಡಿಯೊ ಹಾಕುವ ಒಬ್ಬ ಮೇಷ್ಟ್ರ ಪಾಠ ಅದರ ಎದುರು ದುಬಾರಿಯಾಗುತ್ತದೆ. ಪಾಠ ಚೆನ್ನಾಗಿದ್ದೂ ಅವರು ಸೋಲುತ್ತಾರೆ. ಅದರ ಬದಲು ನಾನು ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಎಲ್ಲರ ಬಳಕೆಯನ್ನೂ ಮಿತಿಯಿಂದ ಹೊರಗಿಟ್ಟೆ. ಪಾಠ ಆಗಲಿ, ಸಿನಿಮಾ ಆಗಲಿ. ಆ ಹೊತ್ತಿನಲ್ಲಿ ನನ್ನ ಬ್ಯಾಂಡ್‌ವಿಡ್ತ್ ಹೇಗೂ ಖಾಲಿ. ಬೆಳಗಿನ ಜಾವ ಎದ್ದು ಓದುವ ಮಕ್ಕಳಿಗೆ ಇದು ಚೆನ್ನಾಗಿ ಹೊಂದಿದೆ. ಸಮಯ ನೋಡಿ ರಿಯಾಯಿತಿ ಕೊಡಬಹುದು, ಸೈಟ್ ನೋಡಿ ಕೊಡಬಾರದು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ವೇಗದ ವಿಷಯದಲ್ಲೂ ತಾರತಮ್ಯ ಬೇಡ ಎಂದು ಒಪ್ಪಿತು, ಆಮೇಲೆ ಲೈಸೆನ್ಸ್ ಷರತ್ತುಗಳಲ್ಲಿ ಅದನ್ನು ಸೇರಿಸಿತು. ಟ್ರಾಫಿಕ್ ನಿರ್ವಹಣೆಗೆ ಅವಕಾಶ ಇದೆ. ಅದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಅಮೆರಿಕದಲ್ಲಿ ನಿಯಮ 2015ರಲ್ಲಿ ಬಂತು, 2017ರಲ್ಲಿ ಹೋಯಿತು, 2024ರಲ್ಲಿ ಮರಳಿತು, 2025ರ ಜನವರಿಯಲ್ಲಿ ಕೋರ್ಟ್ ರದ್ದು ಮಾಡಿತು. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಗಟ್ಟಿಯಾಗಿದ್ದೇವೆ.

ನನ್ನನ್ನು ಕಾಡುವ ಪ್ರಶ್ನೆ ಒಂದಿದೆ, ಕ್ಯಾಶ್ ಸರ್ವರ್‌ಗಳದ್ದು. ಗೂಗಲ್, ನೆಟ್‌ಫ್ಲಿಕ್ಸ್‌ನಂಥವರು ತಮ್ಮ ಸರ್ವರ್‌ಗಳನ್ನು ದೊಡ್ಡ ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಇಡುತ್ತಾರೆ. ಅವರ ವಿಡಿಯೊ ಹತ್ತಿರದಿಂದ ಬರುತ್ತದೆ, ಸಣ್ಣ ಕನ್ನಡ ಸೈಟ್ ದೂರದಿಂದ ಬರಬೇಕು. ಟ್ರಾಯ್ 2017ರ ಶಿಫಾರಸಿನಲ್ಲಿ ಇಂಥ ವ್ಯವಸ್ಥೆಯನ್ನು ನಿಯಮದ ಹೊರಗಿಟ್ಟಿದೆ. ಕ್ಯಾಶ್‌ನಿಂದ ಉಳಿದವರ ದಾರಿ ಖಾಲಿಯಾಗುವುದೇ ಹೊರತು ಇಕ್ಕಟ್ಟಾಗುವುದಿಲ್ಲ, ಹಾಗಾಗಿ ನಾನು ಒಪ್ಪುತ್ತೇನೆ. ಪೂರ್ತಿ ಸಮಾಧಾನ ಮಾತ್ರ ಇಲ್ಲ.

ದೊಡ್ಡ ಟೆಲಿಕಾಂ ಕಂಪನಿಗಳು ಇತ್ತೀಚೆಗೆ, ಜಾಸ್ತಿ ಟ್ರಾಫಿಕ್ ತರುವ ಸೈಟ್‌ಗಳು ತಮಗೂ ದುಡ್ಡು ಕೊಡಲಿ ಎನ್ನುತ್ತಿವೆ. ಇದನ್ನು ನಾನು ಒಪ್ಪುವುದಿಲ್ಲ. ವಿಡಿಯೊ ತಾನಾಗಿ ಹರಿದು ಬರುವುದಿಲ್ಲ, ನನ್ನ ಗ್ರಾಹಕ ಕೇಳಿದ್ದಕ್ಕೆ ಬರುತ್ತದೆ. ಅದಕ್ಕೆ ಅವನು ನನಗೆ ತಿಂಗಳ ಬಿಲ್ ಕಟ್ಟಿದ್ದಾನೆ. ದಕ್ಷಿಣ ಕೊರಿಯಾದಲ್ಲಿ ಇಂಥ ಶುಲ್ಕದ ಹೊರೆಯನ್ನು ಕಾರಣ ಕೊಟ್ಟು ಲೈವ್ ವಿಡಿಯೊ ಸೈಟ್ ಟ್ವಿಚ್ 2024ರ ಫೆಬ್ರುವರಿಯಲ್ಲಿ ಅಂಗಡಿ ಮುಚ್ಚಿತು.

ಈ ಕೆಲಸಕ್ಕೆ ಕೈ ಹಾಕುವ ಆಪರೇಟರ್ ಗೆಳೆಯರಿಗೆ ಒಂದು ಸೂಚನೆ. ಲಿಬ್ರೆಕ್ಯೂಒಎಸ್ ಪೆಟ್ಟಿಗೆಯ ಮೂಲಕವೇ ಊರಿನ ಇಡೀ ನೆಟ್ ಹೋಗುತ್ತದೆ, ಅದು ಕೆಟ್ಟರೆ ಎಲ್ಲ ಬಂದ್. ಆದ್ದರಿಂದ ಎರಡು ರೂಟರ್‌ಗಳ ನಡುವೆ ನೇರವಾಗಿ ಇನ್ನೊಂದು ಕೇಬಲ್ ಹಾಕಿ, ರೂಟರ್‌ಗಳು ದಾರಿ ಆರಿಸಲು ಬಳಸುವ ಓಎಸ್‌ಪಿಎಫ್‌ನಲ್ಲಿ ಅದಕ್ಕೆ ಹೆಚ್ಚಿನ ಕಾಸ್ಟ್ ಕೊಟ್ಟಿಡಿ, ಆಗ ಬೇರೆ ದಾರಿ ಇಲ್ಲದಾಗ ಮಾತ್ರ ಅದು ಬಳಕೆಗೆ ಬರುತ್ತದೆ. ಪೆಟ್ಟಿಗೆ ನಿಂತರೆ ಟ್ರಾಫಿಕ್ ಆ ಕೇಬಲ್‌ಗೆ ತಿರುಗುತ್ತದೆ. ಮೊದಲ ಸಲ ಹಾಕುವುದಾದರೆ ಬೆಳಗಿನ ನಾಲ್ಕರ ಹೊತ್ತಿಗೆ ಹಾಕಿ, ಪವರ್ ಕೇಬಲ್ ಕಿತ್ತು ಪರೀಕ್ಷೆ ಮಾಡಿ, ಆಮೇಲೆ ಗ್ರಾಹಕರನ್ನು ಅದರ ಮೇಲೆ ತನ್ನಿ.